ಗಾಳಿ ಎತ್ತ ತಿರುಗೀತು? ಚಂಡಮಾರುತದ ಮುನ್ಸೂಚನೆಯನ್ನು ಓದುವ ಬಗೆ

ಸಮುದ್ರದ ಗಾಳಿಯೂ ಸೋಕದ ದಿಲ್ಲಿಯಲ್ಲಿ ಕುಳಿತು ಚಂಡಮಾರುತದ ಪಾಠ ಏತಕ್ಕೆ ಎಂದು ನಮ್ಮ ವಾಚನಾಲಯದ ಮಿತ್ರರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಮೂರು ಉತ್ತರಗಳಿವೆ. ನಮ್ಮಲ್ಲಿ ಅನೇಕರ ತಾಯಿತಂದೆ, ಅಣ್ಣತಮ್ಮಂದಿರು ಉಳ್ಳಾಲದಿಂದ ಕಾರವಾರದವರೆಗಿನ ಕರಾವಳಿಯಲ್ಲಿದ್ದಾರೆ ಎಂಬುದು ಮೊದಲನೆಯದು. ಆ ಕಡಲಿನ ಮೇಲೇಳುವ ಗಾಳಿಯ ವರದಿ ಹೊರಡುವುದು ಇದೇ ಊರಿನ ಲೋಧಿ ರಸ್ತೆಯಲ್ಲಿರುವ ಹವಾಮಾನ ಇಲಾಖೆಯ ಕೇಂದ್ರ ಕಚೇರಿಯಿಂದ ಎಂಬುದು ಎರಡನೆಯದು. ಮೂರನೆಯದನ್ನು ನಾವು 2021ನೆಯ ಮೇ ತಿಂಗಳಲ್ಲಿ ನಮ್ಮ ಸ್ವಂತ ಖರ್ಚಿನಲ್ಲಿಯೇ ಕಲಿತೆವು. ಅದನ್ನೇ ಮೊದಲು ಹೇಳುತ್ತೇವೆ.

ಆಗ ದಿಲ್ಲಿಯಲ್ಲಿ ಕೋವಿಡ್ ನಿಮಿತ್ತ ಲಾಕ್‌ಡೌನ್ ಇತ್ತು. ಊರಿಗೆ ಹೋಗುವಂತಿರಲಿಲ್ಲ, ಫೋನೊಂದೇ ಗತಿ. ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತ ಬಲಗೊಂಡು, ರಾತ್ರಿ ಕಳೆಯುವಷ್ಟರಲ್ಲಿ ‘ತೌಕ್ತೆ’ ಎಂಬ ಹೆಸರಿನ ಚಂಡಮಾರುತವಾಯಿತು. ಉಳ್ಳಾಲದ ಕಡೆಯವರಾದ ನಮ್ಮ ಗೆಳೆಯರೊಬ್ಬರು ಗಾಬರಿಯಿಂದ ಮನೆಗೆ ಫೋನು ಮಾಡಿ, “ಅಣ್ಣಾ, ಬಲೆ, ಎಂಜಿನು ಎಲ್ಲ ಮೇಲಕ್ಕೆ ತಂದಿಡು” ಎಂದರು. ಅಣ್ಣ ನಕ್ಕು, “ಅದು ಗುಜರಾತಿಗೆ ಹೋಗುವ ಗಾಳಿಯಂತೆ ಮಾರಾಯ, ನಮಗೆಂತ?” ಎಂದುಬಿಟ್ಟರು.

ಅಣ್ಣನ ಮಾತಿನಲ್ಲಿ ಸುಳ್ಳಿರಲಿಲ್ಲ. ಗಾಳಿ ಗುಜರಾತಿಗೇ ಹೋಯಿತು. ಮೇ 17ರ ರಾತ್ರಿ ದೀವ್ ಮತ್ತು ಊನಾದ ನಡುವೆ ದಡ ಹತ್ತಿತು. ಆದರೆ ಹೋಗುವ ದಾರಿಯಲ್ಲಿ ಮೇ 15 ಮತ್ತು 16ರಂದು ನಮ್ಮ ಕರಾವಳಿಗೆ ಸಮಾನಾಂತರವಾಗಿ, ದೂರ ಕಡಲಿನಲ್ಲಿ ಸಾಗಿತು. ಅದರ ನಡುಬಿಂದು ಕರ್ನಾಟಕದ ನೆಲವನ್ನು ಮುಟ್ಟಲೇ ಇಲ್ಲ. ಆದರೂ ಉಳ್ಳಾಲ, ಸೋಮೇಶ್ವರಗಳಲ್ಲಿ ಅಲೆಗಳು ಮನೆಗಳಿಗೆ ನುಗ್ಗಿದವು. ಮೂಲ್ಕಿಯ ಹತ್ತಿರ ಕಡಲಿನ ಬಂಡೆಗೆ ಸಿಕ್ಕಿಬಿದ್ದ ಒಂದು ಹಡಗಿನಿಂದ ಒಂಬತ್ತು ಜನರನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಯವರು ಮೇ 17ರಂದು ಉಳಿಸಿ ತಂದರು. ನಮ್ಮ ಗೆಳೆಯರ ಮನೆಯ ಶೆಡ್ಡು, ಬಲೆ, ಸಾಲದ ಮೇಲೆ ತಂದ ಎಂಜಿನು ಮೂರೂ ಕಡಲಿನ ಪಾಲಾದವು. ಇಲ್ಲದ ಆ ಎಂಜಿನಿನ ಕಂತನ್ನು ಎರಡು ವರ್ಷ ನಮ್ಮ ಗೆಳೆಯರೇ ಇಲ್ಲಿನ ಸಂಬಳದಿಂದ ಕಟ್ಟಿದರು.

ಇಷ್ಟಕ್ಕೆ ಮುಗಿಯಲಿಲ್ಲ. ನೆಲ ಹತ್ತಿ ಬಲಗುಂದಿದ ಆ ಗಾಳಿಯ ಅವಶೇಷ ರಾಜಸ್ಥಾನದ ಮೇಲೆ ಹಾದು ಇತ್ತ ಬಂತು. ಮೇ 19ರಂದು ದಿಲ್ಲಿಯಲ್ಲಿ ಹಗಲಿನ ಉಷ್ಣ 23.8 ಡಿಗ್ರಿ ದಾಟಲಿಲ್ಲ. ಮೇ 20ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಫ್ದರ್‌ಜಂಗಿನಲ್ಲಿ 119.3 ಮಿಲಿಮೀಟರು ಮಳೆ ಬಿತ್ತು. ಮೇ ತಿಂಗಳಿನ ಹಳೆಯ ದಾಖಲೆಯಾದರೋ 1976ರ 60 ಮಿಲಿಮೀಟರು. ಊರಿನವರಿಗೆ ಫೋನಿನಲ್ಲಿ ಧಾರಾಳವಾಗಿ ಉಪದೇಶ ಮಾಡಿದ್ದ ನಾವು ನಮ್ಮ ಟ್ರಂಕನ್ನು ಮಾತ್ರ ನೆಲದ ಮೇಲೆಯೇ ಇಟ್ಟಿದ್ದೆವು. ಬೆಳಿಗ್ಗೆ ನೋಡುವಾಗ ಕೋಣೆಯಲ್ಲಿ ಗೇಣು ನೀರು. ಮೆಟ್ರಿಕ್ ಸರ್ಟಿಫಿಕೇಟಿನ ಶಾಯಿ ಕದಡಿ ಹೋಗಿತ್ತು. ಅದರ ನಕಲು ಪಡೆಯಲು ನಾವು ಪಟ್ಟ ಪಾಡು ಇಲ್ಲಿ ಬೇಡ.

ದಾರಿ ಏಕೆ ಖಚಿತವಲ್ಲ?

ಬುಗುರಿ ಆಡಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬುಗುರಿ ತನ್ನ ಸುತ್ತ ತಾನು ತಿರುಗುವ ವೇಗ ಬೇರೆ, ನೆಲದ ಮೇಲೆ ಸರಿಯುವ ವೇಗ ಬೇರೆ. ಚಂಡಮಾರುತವೂ ಹಾಗೆಯೇ. ಬಿಸಿಯಾದ ಕಡಲಿನಿಂದ ಆವಿ ಮೇಲೇರಿ ಮೋಡವಾಗುವಾಗ ಶಾಖವನ್ನು ಬಿಡುತ್ತದೆ. ಆ ಶಾಖವೇ ಅದರ ಇಂಧನ. ನಡುವಿನಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಒಳನುಗ್ಗುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ ನಮ್ಮ ಉತ್ತರಾರ್ಧಗೋಳದಲ್ಲಿ ಆ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಸುತ್ತುವ ವೇಗ ಗಂಟೆಗೆ 62 ಕಿಲೋಮೀಟರು ಮುಟ್ಟಿದಾಗ ಅದಕ್ಕೆ ಚಂಡಮಾರುತವೆಂದು ಹೆಸರಿಡುತ್ತಾರೆ. ಸುತ್ತುವ ವೇಗ ನೂರು ದಾಟಿದರೂ ಇಡೀ ಸುಳಿ ಮುಂದೆ ಸರಿಯುವುದು ಅನೇಕ ವೇಳೆ ಸೈಕಲ್ಲಿನ ವೇಗದಲ್ಲಿ.

ಈ ಬುಗುರಿಯನ್ನು ಅತ್ತಿತ್ತ ಸರಿಸುವುದು ಮೇಲಿನ ಪದರಗಳ ಗಾಳಿ. ಹೊಳೆಗೆ ಬಿದ್ದ ತರಗೆಲೆಯಂತೆ ಅದು ಸೆಳೆತ ಇದ್ದತ್ತ ಹೋಗುತ್ತದೆ. ಎರಡು ಕಡೆಯ ಸೆಳೆತ ಸರಿಸಮವಾದರೆ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೆ ಹಠಾತ್ತನೆ ತಿರುಗುತ್ತದೆ. ಆ ಎತ್ತರದ ಗಾಳಿಯನ್ನು ನಡುಗಡಲಿನಲ್ಲಿ ನಿಂತು ಅಳೆಯುವವರಿಲ್ಲ. ಉಪಗ್ರಹಗಳ ಚಿತ್ರ, ತೇಲುವ ಬೋಯಾಗಳ ಅಳತೆ, ಹಡಗುಗಳ ವರದಿ ಇವನ್ನು ಕೂಡಿಸಿ ಗಣಕಯಂತ್ರಗಳಿಂದ ಲೆಕ್ಕ ಹಾಕಬೇಕು. ಆರಂಭದ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಮೂರು ದಿನಗಳಲ್ಲಿ ಅದು ಬೆಳೆಯುತ್ತದೆ.

ನಮ್ಮ ಯಮುನೆಯನ್ನು ನೋಡಿರಿ. 2023ರ ಜುಲೈ 13ರಂದು ಹಳೆಯ ರೈಲ್ವೆ ಸೇತುವೆಯ ಬಳಿ ನೀರು 208.66 ಮೀಟರಿಗೆ ಏರಿತು, 1978ರ 207.49ರ ದಾಖಲೆ ಮುರಿಯಿತು. ಅಲ್ಲಿ ಕೂಡ ತೊಂದರೆ ದೊಡ್ಡದೇ. ಆದರೆ ಹಥನಿಕುಂಡದ ಅಣೆಕಟ್ಟಿನಿಂದ ಬಿಟ್ಟ ನೀರು ಯಾವ ದಾರಿಯಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ಚಂಡಮಾರುತಕ್ಕೆ ದಡಗಳಿಲ್ಲ.

ವರದಿಯನ್ನು ಓದುವುದು ಹೇಗೆ?

ಲೋಧಿ ರಸ್ತೆಯ ಈ ಕಚೇರಿ ನಮ್ಮ ದೇಶಕ್ಕೆ ಮಾತ್ರವಲ್ಲ, ಉತ್ತರ ಹಿಂದೂ ಮಹಾಸಾಗರದ 13 ದೇಶಗಳಿಗೆ ಚಂಡಮಾರುತದ ಸಲಹೆ ನೀಡುತ್ತದೆ. ಚಂಡಮಾರುತವಿದ್ದಾಗ ಮೂರು ಗಂಟೆಗೊಮ್ಮೆ ವರದಿ ಹೊರಡುತ್ತದೆ. ಎಚ್ಚರಿಕೆಯಲ್ಲಿ ನಾಲ್ಕು ಮೆಟ್ಟಲುಗಳಿವೆ. ಮೊದಲನೆಯದು ಮುನ್ನೋಟ. ಎರಡನೆಯದು ಕೆಟ್ಟ ಹವೆ ಆರಂಭವಾಗುವ 48 ಗಂಟೆ ಮುಂಚಿನ ಹಳದಿ ಸೂಚನೆ. ಮೂರನೆಯದು 24 ಗಂಟೆ ಮುಂಚಿನ ಕಿತ್ತಳೆ ಎಚ್ಚರಿಕೆ. ನಾಲ್ಕನೆಯದು ದಡ ಹತ್ತುವ 12 ಗಂಟೆ ಮುಂಚಿನ ಕೆಂಪು ಎಚ್ಚರಿಕೆ; ದಡ ಹತ್ತಿದ ಮೇಲೆ ಒಳನಾಡಿನಲ್ಲಿ ಏನಾದೀತು ಎಂಬುದನ್ನೂ ಇದು ತಿಳಿಸುತ್ತದೆ. ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಕೇತಗಳನ್ನು ಏರಿಸುತ್ತಾರೆ. ಬಹುಮಟ್ಟಿಗೆ ಅಂಕೆ ಏರಿದಂತೆ ಅಪಾಯವೂ ಏರುತ್ತದೆ.

ವರದಿಯ ನಕಾಶೆಯಲ್ಲಿ ನಡುವೆ ಒಂದು ಗೆರೆ, ಅದರ ಸುತ್ತ ಮುಂದೆ ಮುಂದೆ ಅಗಲವಾಗುವ ಮೊರದಂಥ ಆಕಾರ ಇರುತ್ತದೆ. ಜನ ಗೆರೆಯನ್ನು ನೋಡುತ್ತಾರೆ, ನೋಡಬೇಕಾದದ್ದು ಮೊರವನ್ನು. ಈಚಿನ ವರ್ಷಗಳ ಸರಾಸರಿಯಂತೆ 24 ಗಂಟೆ ಮುಂಚಿನ ಅಂದಾಜು ಸುಮಾರು 80 ಕಿಲೋಮೀಟರು ಆಚೀಚೆಯಾಗುತ್ತದೆ. ಎಂದರೆ ಮಂಗಳೂರಿನಿಂದ ಕುಂದಾಪುರದಷ್ಟು. 72 ಗಂಟೆ ಮುಂಚಿನದು ಸುಮಾರು 160 ಕಿಲೋಮೀಟರು. ಎಂದರೆ ಮಂಗಳೂರಿನಿಂದ ಹೊನ್ನಾವರದಷ್ಟು. ಇನ್ನೂ ಒಂದು ಮಾತು. ಆ ಮೊರ ತೋರಿಸುವುದು ನಡುಬಿಂದುವಿನ ದಾರಿಯನ್ನು ಮಾತ್ರ. ಮಳೆ, ಗಾಳಿ, ಅಲೆಗಳು ಅದರ ಹೊರಗೂ ಬಹುದೂರ ಚಾಚುತ್ತವೆ. ಉಳ್ಳಾಲದ ಅಣ್ಣ ತಪ್ಪಿದ್ದು ಇಲ್ಲಿಯೇ.

ಖಚಿತವಾಗಲಿ ಎಂದು ಕಾಯಬಹುದೆ?

2023ರ ಜೂನ್ 6ರಂದು ಅರಬ್ಬೀ ಸಮುದ್ರದಲ್ಲಿ ‘ಬಿಪರ್‌ಜಾಯ್’ ಹುಟ್ಟಿತು. ಅದು ಒಮಾನಿಗೋ ಪಾಕಿಸ್ತಾನಕ್ಕೋ ಗುಜರಾತಿಗೋ ಎಂದು ಮೊದಲ ದಿನಗಳಲ್ಲಿ ಒಂದೊಂದು ಲೆಕ್ಕ ಒಂದೊಂದು ದಿಕ್ಕು ತೋರಿಸಿತು. ದಡ ಹತ್ತಲು ಮೂರು ದಿನ ಇರುವಾಗಲೂ ವರದಿಯಲ್ಲಿದ್ದುದು ‘ಮಾಂಡವಿ ಮತ್ತು ಕರಾಚಿಯ ನಡುವೆ, ಜಖೌ ಬಂದರಿನ ಹತ್ತಿರ’ ಎಂದು. ಎಂದರೆ 300 ಕಿಲೋಮೀಟರಿಗೂ ಮಿಕ್ಕಿದ ಅಂತರ. ಗುಜರಾತಿನವರು ಇನ್ನೂ ಖಚಿತವಾಗಲಿ ಎಂದು ಕೂರಲಿಲ್ಲ. ಸುಮಾರು ಒಂದು ಲಕ್ಷ ಜನರನ್ನು ಕಡಲಂಚಿನಿಂದ ಸರಿಸಿದರು. ಜೂನ್ 15ರ ಸಂಜೆ ಗಾಳಿ ಜಖೌ ಬಳಿಯೇ ದಡ ಹತ್ತಿತು. ಕಂಬಗಳು, ಮರಗಳು ಸಾವಿರಗಟ್ಟಲೆ ಉರುಳಿದವು. ಜೀವಗಳು ಬಹುಮಟ್ಟಿಗೆ ಉಳಿದವು.

ಒಡಿಶಾದ ಕಥೆಯೂ ಇದನ್ನೇ ಹೇಳುತ್ತದೆ. 1999ರ ಅಕ್ಟೋಬರದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. 2013ರ ‘ಫೈಲಿನ್’ ಬರುವ ಮುಂಚೆ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ.

ಗುಮಾಸ್ತರಾದ ನಮಗೆ ಇದು ಜಮಾಖರ್ಚಿನಂತೆ ಕಾಣುತ್ತದೆ. ಹಗ್ಗ, ತಾಡಪತ್ರಿ, ಒಂದು ದಿನದ ಕೂಲಿ ಇವು ಸಿದ್ಧತೆಯ ಖರ್ಚು. ಎಂಜಿನು, ಮನೆ, ಜೀವ ಇವು ಸಿದ್ಧವಾಗದಿದ್ದರೆ ಆಗಬಹುದಾದ ನಷ್ಟ. ಮೂರು ಸಲ ಸಿದ್ಧರಾಗಿ ಎರಡು ಸಲ ಗಾಳಿ ಬಾರದೆ ಹೋದರೆ ‘ಸುಮ್ಮನೆ ದಂಡವಾಯಿತು’ ಎನ್ನಬಾರದು. ಅದು ವಿಮೆಯ ಕಂತು. ಮನೆಗೆ ಬೆಂಕಿ ಬೀಳಲಿಲ್ಲವೆಂದು ಕಂತಿನ ಹಣಕ್ಕೆ ಯಾರೂ ಅಳುವುದಿಲ್ಲ.

ಮಾಡತಕ್ಕ ಕೆಲಸಗಳು

ಊರಿನವರಿಗೆ ಫೋನು ಮಾಡುವಾಗ ‘ಎಚ್ಚರದಿಂದಿರಿ’ ಎಂದರೆ ಸಾಲದು. ಕೆಲಸವನ್ನು ಹೆಸರಿಟ್ಟು ಹೇಳಬೇಕು.

ಹಳದಿ ಸೂಚನೆ ಬಂದಾಗ: ದೋಣಿ ಕಡಲಿಗೆ ಇಳಿಸಬಾರದು, ಹೊರಗಿದ್ದವರನ್ನು ಕರೆಸಬೇಕು. ಬಲೆ, ಎಂಜಿನುಗಳನ್ನು ಅಲೆ ಮುಟ್ಟದ ಜಾಗಕ್ಕೆ ಒಯ್ಯಬೇಕು. ಮನೆಯ ಮೇಲೆ ಬಾಗಿದ ತೆಂಗಿನ ಒಣ ಮಡಲು, ಕಾಯಿ ಇಳಿಸಬೇಕು.

ಕಿತ್ತಳೆ ಎಚ್ಚರಿಕೆಯಲ್ಲಿ: ಹಂಚು, ತಗಡುಗಳನ್ನು ಕಟ್ಟಬೇಕು. ಮೂರು ದಿನದ ಕುಡಿಯುವ ನೀರು, ಅವಲಕ್ಕಿಯಂಥ ಬೇಯಿಸದೆ ತಿನ್ನುವ ಆಹಾರ, ಮದ್ದು, ಟಾರ್ಚು, ಚಾರ್ಜು ತುಂಬಿದ ಫೋನು ಸಿದ್ಧವಿರಬೇಕು. ರೇಶನ್ ಕಾರ್ಡು, ಜಮೀನಿನ ಕಾಗದ, ಪಾಸ್‌ಬುಕ್ಕು ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಬೇಕು. ಮುದುಕರು, ಬಸುರಿಯರು, ಮಕ್ಕಳು ಮೊದಲು ಹೊರಡಬೇಕು.

ಕೆಂಪು ಎಚ್ಚರಿಕೆಯಲ್ಲಿ: ಅಧಿಕಾರಿಗಳು ಹೊರಡಿರೆಂದರೆ ಹೊರಡುವುದೇ. ಗಾಳಿ ಒಮ್ಮೆಗೇ ನಿಂತರೆ ಮುಗಿಯಿತೆಂದು ಹೊರಬರಬಾರದು. ಅದು ಚಂಡಮಾರುತದ ಕಣ್ಣು ಆಗಿರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬಡಿಯುತ್ತದೆ.

ಜಿಲ್ಲೆಯ ನಿಯಂತ್ರಣ ಕೊಠಡಿಯ ಸಂಖ್ಯೆ 1077. ದಿಲ್ಲಿಯಿಂದ ಇದು ಸಿಗದೆ ಹೋಗಬಹುದು. ಆದುದರಿಂದ ನಿಮ್ಮ ಜಿಲ್ಲಾಧಿಕಾರಿ ಕಚೇರಿಯ ಪೂರ್ಣ ಸಂಖ್ಯೆಯನ್ನು ಈಗಲೇ ಬರೆದಿಡಿ. ಮನೆಯ ಫೋನು ಕೆಟ್ಟರೆ ಕೇಳಲು ನೆರೆಯ ಊರಿನ ಒಬ್ಬರ ಸಂಖ್ಯೆಯೂ ಇರಲಿ.

ಇನ್ನು ನಾವು. ಅವಶೇಷದ ಮಳೆ ಇತ್ತ ಬರುವ ಸೂಚನೆಯಿದ್ದರೆ ನೆಲಮಾಳಿಗೆಯ ಕೋಣೆಯವರು ಒಂದು ರಾತ್ರಿ ಮೇಲಿನವರ ಬಳಿ ಮಲಗಲಿ. ಕಾಗದಪತ್ರ ಗೂಡಿನ ಮೇಲೆ ಹೋಗಲಿ. ನೀರಲ್ಲಿ ಮುಳುಗಿದ ವಿದ್ಯುತ್ ಕಂಬವನ್ನು ಮುಟ್ಟದಿರಿ. ಟ್ರಂಕಿನ ಅಡಿಗೆ ನಾಲ್ಕು ಇಟ್ಟಿಗೆ ಇಡಿ. ನಾವು ಇಟ್ಟಿದ್ದೇವೆ.

ಅಭ್ಯಾಸಕ್ಕೆ

1. ತೌಕ್ತೆಯ ನಡುಬಿಂದು ಕರ್ನಾಟಕದ ನೆಲ ಮುಟ್ಟಲಿಲ್ಲ. ಆದರೂ ಹಾನಿಯಾದುದು ಏಕೆ?
2. ಮೂರು ದಿನ ಮುಂಚಿನ ವರದಿಯಲ್ಲಿ ಗೆರೆ ಹೊನ್ನಾವರದ ಮೇಲಿದೆ. ಮಂಗಳೂರಿನವರು ನಿಶ್ಚಿಂತರಾಗಿರಬಹುದೆ?
3. ನಿಮ್ಮ ಮನೆಗೆ ಹಳದಿ ಸೂಚನೆ ಬಂದರೆ ಫೋನಿನಲ್ಲಿ ಹೇಳತಕ್ಕ ಐದು ಕೆಲಸಗಳನ್ನು ಬರೆಯಿರಿ.

ಮೂರನೆಯ ಉತ್ತರವನ್ನು ನಮಗೆ ತೋರಿಸಬೇಕಾಗಿಲ್ಲ. ಈ ಭಾನುವಾರವೇ ಮನೆಗೆ ಓದಿ ಹೇಳಿರಿ.