ಮೊದಲ ಪಾಠ ಸಂಬಳ ಚೀಟಿಯದು

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಮ್ಮದು ಸಣ್ಣ ಸಂಘ. ಹೊಲಿಗೆ ತರಬೇತಿ ಕೊಟ್ಟರೆ ಸದಸ್ಯರು ಉಳಿಯುತ್ತಾರಾ?

ಉತ್ತರ: ಉಳಿಯುತ್ತಾರೆ. ಆದರೆ ಮೊದಲು ಸಂಬಳ ಚೀಟಿ ಓದುವುದನ್ನು ಕಲಿಸಿ. ಭಾನುವಾರ ಹತ್ತು ಜನರನ್ನು ಕೂರಿಸಿಕೊಂಡು ಅವರವರ ಚೀಟಿಯ ಲೆಕ್ಕ ಹಾಕಿಸಿ: ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಕಡಿತ ಸರಿಯಿದೆಯೇ? ಓವರ್‌ಟೈಮ್‌ಗೆ ದುಪ್ಪಟ್ಟು ಬಂದಿದೆಯೇ? ತಪ್ಪನ್ನು ತಾನೇ ಹಿಡಿದವಳು ಮುಂದಿನ ವಾರ ಪಕ್ಕದ ಮಷೀನಿನವಳನ್ನೂ ಕರೆತರುತ್ತಾಳೆ.

ಆಮೇಲೆ ಹೆಲ್ಪರ್‌ಗಳಿಗೆ ಓವರ್‌ಲಾಕ್ ಕಲಿಸಿ. ಕನಿಷ್ಠ ವೇತನ ಕೌಶಲಕ್ಕೆ ತಕ್ಕಂತೆ ನಿಗದಿಯಾಗುವುದರಿಂದ, ಕಲಿತವರಿಗೆ ಮೇಲಿನ ದರ್ಜೆ ಕೊಡಿ ಎಂದು ಸಂಘ ಪಟ್ಟು ಹಿಡಿಯಬಹುದು. ಪಾಠ ಹೇಳುವವರು ನಿಮ್ಮ ಲೈನಿನ ಹಳೆಯ ಟೈಲರ್‌ಗಳೇ ಆಗಲಿ. ನಾಳಿನ ಮುಖಂಡರು ಅವರಲ್ಲೇ ಸಿಗುತ್ತಾರೆ.