ಒಲೆಗಿಂತ ಮೊದಲು ಕಟ್ಟಿಗೆ ಮನೆ

ಮಲೆನಾಡಿನ ಬಹುಪಾಲು ಮನೆಗಳಲ್ಲಿ ಅಡುಗೆ ಗ್ಯಾಸಿನ ಮೇಲೆ ನಡೆಯತೊಡಗಿ ಎಷ್ಟೋ ವರ್ಷಗಳಾಗಿದ್ದರೂ ಬಚ್ಚಲ ಹಂಡೆಯ ಕೆಳಗೆ ಮಾತ್ರ ಇಂದಿಗೂ ಕಟ್ಟಿಗೆಯೇ ಉರಿಯುತ್ತಿದೆ. ಮಳೆಗಾಲದಲ್ಲಿ ದಿನವಿಡೀ ಬಿಸಿನೀರು ಬೇಕಾಗುವುದರಿಂದಲೂ, ತೋಟದ ಮಡಲು, ಸೋಗೆ, ಅಡಿಕೆ ಸಿಪ್ಪೆಗಳು ಕೈಗೆ ಸಿಗುವಷ್ಟು ಹತ್ತಿರ ಇರುವುದರಿಂದಲೂ ಈ ಒಲೆಯನ್ನು ಯಾರೂ ಸುಲಭವಾಗಿ ಕೈಬಿಡುವುದಿಲ್ಲ. ಆದಕಾರಣ ಕಡಿಮೆ ಹೊಗೆಯ ಒಲೆಯನ್ನು ಆರಿಸುವ ಪ್ರಶ್ನೆ ಈ ಭಾಗದ ಕುಟುಂಬಗಳಿಗೆ ಅಡುಗೆಮನೆಗಿಂತ ಹೆಚ್ಚಾಗಿ ಬಚ್ಚಲುಮನೆಯ ಪ್ರಶ್ನೆ. ಯಾವ ಒಲೆ ಎಂಬುದಕ್ಕಿಂತ, ಕೈಯಲ್ಲಿರುವ ಹಣವನ್ನು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಖರ್ಚು ಮಾಡಬೇಕು ಎಂಬುದು ಇದರ ತಿರುಳು. ಪ್ರಸ್ತುತ ಅಂಕಣಕಾರರ ಮನೆಯಲ್ಲಿ ಈ ಅನುಕ್ರಮ ತಲೆಕೆಳಗಾಗಿ, ಮೊದಲು ಒಲೆಗೆ ಹಣ ಹೋಗಿ, ಕಟ್ಟಿಗೆ ಒಣಗಿಸುವ ವ್ಯವಸ್ಥೆ ಮೂರು ವರ್ಷ ತಡವಾಯಿತು. ಆ ತಪ್ಪಿನ ಬೆಲೆಯೇ ಈ ಲೆಕ್ಕಾಚಾರಕ್ಕೆ ಆಧಾರ.

ಹೊಗೆ ಎಂದರೆ ಉರಿಯದೆ ಉಳಿದ ಉರುವಲು. ಕಟ್ಟಿಗೆಯ ತುಂಡನ್ನು ಬೆಂಕಿಗೆ ಒಡ್ಡಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಬಳಿಕ ಮರವು ಬಿಸಿಗೆ ಒಡೆದು ದಹ್ಯ ಅನಿಲಗಳನ್ನು, ಅಂದರೆ ಬೆಂಕಿ ಹಿಡಿಯಬಲ್ಲ ಆವಿಗಳನ್ನು ಹೊರಹಾಕುತ್ತದೆ. ಕೊನೆಗೆ ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಕಟ್ಟಿಗೆಯ ಶಾಖದ ದೊಡ್ಡ ಪಾಲು ಈ ಮಧ್ಯದ ಹಂತದ ಅನಿಲಗಳಲ್ಲಿಯೇ ಇದ್ದು, ಅವುಗಳಿಗೆ ಸಾಕಷ್ಟು ಗಾಳಿ ಮತ್ತು ಸಾಕಷ್ಟು ಕಾವು ಎರಡೂ ಒಟ್ಟಿಗೆ ದೊರೆತರೆ ಜ್ವಾಲೆಯಾಗುತ್ತವೆ, ಒಂದು ಕಡಿಮೆಯಾದರೂ ಕಾರ್ಬನ್ ಮಾನಾಕ್ಸೈಡ್, ಟಾರು, ಮಸಿ ಮತ್ತು ಪಿಎಂ 2.5 ಎಂದು ಕರೆಯಲಾಗುವ ಸೂಕ್ಷ್ಮ ಕಣಗಳಾಗಿ ಹೊರಬೀಳುತ್ತವೆ. ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕದಾದ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟಿರುವ ಈ ಕಣಗಳು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಬಚ್ಚಲ ಗೋಡೆಗೆ ಹಿಡಿದ ಮಸಿಯೂ, ಅಟ್ಟದಿಂದ ಜೋಲುವ ಇಲ್ಲಣವೂ, ಕಟ್ಟಿಗೆಗೆ ಕೊಟ್ಟ ಹಣದ ಒಂದು ಭಾಗ ನೀರನ್ನು ಕಾಯಿಸದೆ ಮನೆಯವರ ಎದೆಗೂ ಗೋಡೆಗೂ ಹೋಗಿದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಈ ನಷ್ಟಕ್ಕೆ ಒಲೆಯ ರಚನೆಗಿಂತ ಮೊದಲ ಕಾರಣ ಹಸಿ ಕಟ್ಟಿಗೆ. ಪೂರ್ತಿ ಒಣಗಿದ ಮರದ ಒಂದು ಕಿಲೋದಲ್ಲಿ ಸುಮಾರು 18 ಮೆಗಾಜೌಲ್ ಶಾಖವಿರುತ್ತದೆ (ಮೆಗಾಜೌಲ್ ಎಂಬುದು ಶಾಖದ ಅಳತೆ, ವಿದ್ಯುತ್ತಿನ ಒಂದು ಯೂನಿಟ್ 3.6 ಮೆಗಾಜೌಲ್‌ಗೆ ಸಮ). ತೂಕದಲ್ಲಿ ಐದನೆಯ ಒಂದು ಪಾಲು ನೀರಿರುವ, ಚೆನ್ನಾಗಿ ಒಣಗಿತೆಂದು ಹೇಳಬಹುದಾದ ಕಟ್ಟಿಗೆಯಲ್ಲಿ ಇದು ಸುಮಾರು 14ಕ್ಕೆ ಇಳಿಯುತ್ತದೆ; ಆಗತಾನೇ ಕಡಿದ, ಅರ್ಧದಷ್ಟು ನೀರೇ ತುಂಬಿದ ಮರದಲ್ಲಿ ಸುಮಾರು 8ಕ್ಕೆ ಕುಸಿಯುತ್ತದೆ. ತೂಕದ ಲೆಕ್ಕದಲ್ಲಿ ಹಸಿ ಕಟ್ಟಿಗೆ ಕೊಂಡವರು ಹಣದ ಅರ್ಧವನ್ನು ನೀರಿಗೆ ತೆತ್ತಂತಾಗುತ್ತದೆ. ಇಷ್ಟರಲ್ಲೇ ಹಾನಿ ಮುಗಿಯುವುದಿಲ್ಲ. ಆ ನೀರನ್ನು ಆವಿ ಮಾಡಲು ತಗಲುವ ಶಾಖ ಕಿಲೋ ನೀರಿಗೆ ಎರಡೂಕಾಲು ಮೆಗಾಜೌಲ್‌ನಷ್ಟೇ ಆದರೂ, ಆವಿ ಏಳುತ್ತಿರುವಷ್ಟು ಹೊತ್ತೂ ಒಲೆಯ ಒಡಲು ತಣ್ಣಗೇ ಉಳಿದು, ಅನಿಲಗಳು ಜ್ವಾಲೆ ಹಿಡಿಯದೆ ಹೊಗೆಯಾಗಿಯೇ ಹೋಗುತ್ತವೆ. ಎಂಥ ಉತ್ತಮ ಒಲೆಯಾದರೂ ಹಸಿ ಕಟ್ಟಿಗೆಯ ಮುಂದೆ ಹಳೆಯ ಮೂರು ಕಲ್ಲಿನ ಒಲೆಯಂತೆಯೇ ಹೊಗೆ ಕಾರುವುದು ಇದರಿಂದಲೇ.

ಪ್ರಸ್ತುತ ಅಂಕಣಕಾರರ ಮನೆಯಲ್ಲಿ ನಾಲ್ಕು ಜನರ ಬೆಳಗಿನ ಸ್ನಾನಕ್ಕೆ ತಾಮ್ರದ ಹಂಡೆಯಲ್ಲಿ ಕಾಯುವ ನೀರು ಸುಮಾರು ನೂರು ಲೀಟರ್. ಒಂದು ಆಷಾಢದಲ್ಲಿ ಎಂಟು ದಿನ, ಅಂಗಳದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿಟ್ಟ ರಾಶಿಯ ಕಟ್ಟಿಗೆಯನ್ನು ಕೊಕ್ಕೆ ತಕ್ಕಡಿಯಲ್ಲಿ ತೂಗಿ ಉರಿಸಿದಾಗ ದಿನಕ್ಕೆ ಸರಾಸರಿ ಆರೂವರೆ ಕಿಲೋ ಖರ್ಚಾಯಿತು; ಮುಂದಿನ ಎಂಟು ದಿನ ಅದೇ ಒಲೆಗೆ, ಅದೇ ಹಂಡೆಗೆ, ಕೊಟ್ಟಿಗೆಯ ಅಟ್ಟದ ಮೇಲೆ ಎರಡು ಬೇಸಿಗೆ ಕಳೆದಿದ್ದ ಕಟ್ಟಿಗೆಯನ್ನು ಹಾಕಿದಾಗ ನಾಲ್ಕೂವರೆ ಕಿಲೋದಲ್ಲಿ ಕೆಲಸ ಮುಗಿಯಿತು. ಹೊಸ ಒಲೆಯೊಂದನ್ನೂ ಕೊಳ್ಳದೆ ಉಳಿದದ್ದು ದಿನಕ್ಕೆ ಎರಡು ಕಿಲೋ. ಪ್ಲಾಸ್ಟಿಕ್ ಹಾಳೆ ಮಳೆಯನ್ನು ತಡೆಯುತ್ತದೆಯಾದರೂ ಒಳಗಿನ ತೇವವನ್ನು ಹೊರಬಿಡುವುದಿಲ್ಲ, ಅದರ ಕೆಳಗಿನ ರಾಶಿ ಬೆವರುತ್ತದೆ. ಕಟ್ಟಿಗೆಗೆ ಬೇಕಾದದ್ದು ಮೇಲೊಂದು ಮಾಡು, ಕೆಳಗೆ ನೆಲದಿಂದ ಮೊಳದೆತ್ತರದ ಅಡ್ಡಗಳು, ಗಾಳಿ ಆಡಲು ತೆರೆದ ಪಕ್ಕಗಳು. ಅಡಿಕೆ ದಬ್ಬೆ ಮತ್ತು ಹಳೆಯ ತಗಡಿನಿಂದ ಕಟ್ಟಬಹುದಾದ ಇಂಥ ಕಟ್ಟಿಗೆ ಮನೆಗೆ ತಗಲುವ ವೆಚ್ಚ ಒಂದು ಸುಧಾರಿತ ಒಲೆಯ ಬೆಲೆಗಿಂತ ಕಡಿಮೆ. ಕಟ್ಟಿಗೆ ಒಣಗಿದೆಯೇ ಎಂದು ತಿಳಿಯಲು ಉಪಕರಣವೇ ಬೇಕೆಂದಿಲ್ಲ: ತುದಿಗಳಲ್ಲಿ ಬಿರುಕು ಮೂಡಿ, ತೊಗಟೆ ತಾನಾಗಿ ಕಳಚಿ, ಎರಡು ಸೀಳುಗಳನ್ನು ಬಡಿದಾಗ ಮಂಕಾದ ಸದ್ದಿನ ಬದಲು ಟಣ್ಣೆಂಬ ಸದ್ದು ಬಂದರೆ ಸಾಕು, ಸಂದೇಹವಿದ್ದರೆ ಒಂದು ಸೀಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಂತಾಗ ಒಣಗಿತೆಂದು ತಿಳಿಯಬಹುದು.

ಒಲೆಯ ಲೆಕ್ಕ ಇದರ ನಂತರದ್ದು. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 9.6 ಮೆಗಾಜೌಲ್ ಶಾಖ ಬೇಕು. ಒಲೆಯ ದಕ್ಷತೆ ಎಂದರೆ ಉರಿದ ಕಟ್ಟಿಗೆಯ ಶಾಖದಲ್ಲಿ ಎಷ್ಟು ಪಾಲು ನೀರಿಗೆ ತಲುಪಿತು ಎಂಬ ಪ್ರಮಾಣ. ಅದು ನೂರಕ್ಕೆ 15 ಇದ್ದರೆ ಒಣ ಕಟ್ಟಿಗೆ ನಾಲ್ಕೂವರೆ ಕಿಲೋ, 35 ಇದ್ದರೆ ಎರಡು ಕಿಲೋ ಬೇಕಾಗುತ್ತದೆ. ದಿನಕ್ಕೆ ಎರಡೂವರೆ ಕಿಲೋದಂತೆ ವರ್ಷಕ್ಕೆ ಉಳಿಯುವುದು ಒಂಬತ್ತು ಕ್ವಿಂಟಲ್. ಕಿಲೋಗೆ 6 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 5,500 ರೂಪಾಯಿ. ಚಿಮಣಿಯೂ ಸೇರಿ ಒಲೆಗೆ 9,000 ರೂಪಾಯಿ ಬಿದ್ದಿದ್ದರೆ ಆ ಹಣ ಇಪ್ಪತ್ತು ತಿಂಗಳಲ್ಲಿ ಮರಳುತ್ತದೆ. ಇದೇ ನೀರನ್ನು ಅಡುಗೆ ಅನಿಲದಲ್ಲಿ ಕಾಯಿಸಿದರೆ 14.2 ಕಿಲೋದ ಸಿಲಿಂಡರ್ ನಲವತ್ತು ದಿನಕ್ಕೆ ಮುಗಿಯುತ್ತದೆ. ಗೀಸರಿನಲ್ಲಾದರೆ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು ಯೂನಿಟ್ ಬೇಕಾಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿ ಮಾಡಲಾಗುವುದರಿಂದ, ಒಮ್ಮೆಗೇ ತೊಂಬತ್ತು ಯೂನಿಟ್ ಏರಿದ ಮನೆಗೆ ಬಿಲ್ಲು ಬರದೆ ಇರುವುದಿಲ್ಲ.

ಮೇಲಿನ ಲೆಕ್ಕ ಕಟ್ಟಿಗೆಯನ್ನು ಕೊಳ್ಳುವವರದು. ಸ್ವಂತ ತೋಟ ಇರುವವರಿಗೆ ಹಣದ ರೂಪದಲ್ಲಿ ಯಾವುದೂ ಮರಳುವುದಿಲ್ಲ. ಅವರ ಮುಂದೆ ಇಪ್ಪತ್ತು ತಿಂಗಳ ಲೆಕ್ಕ ಹಿಡಿಯುವ ಮಾರಾಟಗಾರರ ಮಾತು ನಿಜವಾದ ಮಾತಲ್ಲ. ಅಂಥ ಮನೆಗಳಲ್ಲಿ ಉಳಿಯುವುದು ಒಂಬತ್ತು ಕ್ವಿಂಟಲ್ ಕಟ್ಟಿಗೆ ಕಡಿದು, ಹೊತ್ತು, ಸೀಳುವ ಮೈಕೆಲಸ, ಮತ್ತು ದಿನವೂ ಒಲೆಯ ಮುಂದೆ ಕೂತು ಊದುಗೊಳವೆ ಊದುವವರ ಕಣ್ಣು ಮತ್ತು ಉಸಿರು. ಬಹುತೇಕ ಮನೆಗಳಲ್ಲಿ ಆ ಜಾಗದಲ್ಲಿ ಕೂರುವವರು ಹೆಂಗಸರಾಗಿದ್ದು, ಒಲೆಗೆ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಬೇರೆಯವರಾಗಿರುವುದರಿಂದ ಈ ಲಾಭ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಇದು ಸಣ್ಣ ಅನ್ಯಾಯವಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ವಿದ್ಯೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು 1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳ ಶ್ರಮದಿಂದ ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯು ಇಂದಿಗೂ ಒಲೆಯ ಒಡಲು ಹೇಗಿರಬೇಕೆಂಬುದಕ್ಕೆ ಪಾಠದಂತಿದೆ: ಕಟ್ಟಿಗೆ ಕೂರಲು ಕಬ್ಬಿಣದ ಜಾಲರಿ, ಅದರ ಕೆಳಗಿಂದ ಗಾಳಿ ಬರುವ ಮತ್ತು ಬೂದಿ ಬೀಳುವ ದಾರಿ, ಶಾಖವು ಪಾತ್ರೆಗಳನ್ನು ತಬ್ಬಿಕೊಂಡು ಹೋಗುವಂತೆ ಮುಚ್ಚಿದ ಒಳಮಾರ್ಗ, ಕೊನೆಯಲ್ಲಿ ಚಿಮಣಿ. ಇದೇ ತತ್ತ್ವದಲ್ಲಿ ಹಂಡೆ ಒಲೆಗಳನ್ನೂ ಕಟ್ಟುತ್ತಾರೆ. ಹಳೆಯ ಬಚ್ಚಲ ಒಲೆಯಲ್ಲಿ ಜಾಲರಿ ಇಲ್ಲದೆ ಕಟ್ಟಿಗೆ ಬೂದಿಯ ಮೇಲೆಯೇ ಮಲಗಿ, ಗಾಳಿ ಬಾಯಿಯಿಂದ ಮಾತ್ರ ಒಳಬಂದು, ಅರ್ಧ ಬಿಸಿ ಹಂಡೆಯ ಪಕ್ಕದಿಂದ ಹಾರಿಹೋಗುತ್ತಿರುತ್ತದೆ. ಒಂದು ಜಾಲರಿಯನ್ನು ಕೂರಿಸಿ, ಹಂಡೆಯ ಸುತ್ತಲಿನ ಸಂದನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿದರೂ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ವಿದ್ಯೆ ಇದ್ದೂ ಸೋಲಾದದ್ದು ನಿರ್ವಹಣೆಯಲ್ಲಿ. ಕೇಂದ್ರ ಸರ್ಕಾರವು 1980ರ ದಶಕದಿಂದ 2002ರವರೆಗೆ ನಡೆಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೋಟಿಗಟ್ಟಲೆ ಒಲೆಗಳು ಹಂಚಿಕೆಯಾದರೂ ಬಹಳಷ್ಟು ಮನೆಗಳಲ್ಲಿ ಅವು ಬಾಳಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ರೀಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಚಿಮಣಿ ಇರುವ ಮಣ್ಣಿನ ಒಲೆಗಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲ ವರ್ಷ ಕಡಿಮೆಯಾಗಿದ್ದ ಹೊಗೆಯ ಸೇವನೆ ಆಮೇಲೆ ಮತ್ತೆ ಮೊದಲಿನಂತಾದದ್ದೂ, ಜನ ಒಲೆಯನ್ನು ಸರಿಯಾಗಿ ಬಳಸದೆ, ರಿಪೇರಿ ಮಾಡಿಸದೆ ಬಿಟ್ಟದ್ದೂ, ಉರುವಲಿನ ಖರ್ಚು ಇಳಿಯದೆ ಹೋದದ್ದೂ ಕಂಡುಬಂತು. ಆದ್ದರಿಂದ ಒಲೆಯ ಬೆಲೆಗೆ ಅದರ ವಾರ್ಷಿಕ ಆರೈಕೆಯ ಖರ್ಚನ್ನು ಸೇರಿಸದ ಲೆಕ್ಕ ಅರೆಬರೆ ಲೆಕ್ಕ.

ಅಂಕಣಕಾರರ ಮನೆಗೆ ಮೊದಲು ಬಂದದ್ದು ಪೇಟೆಯ ಅಂಗಡಿಯೊಂದರಿಂದ ತಂದ ತಗಡಿನ ಒಲೆ. ಮೊದಲ ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಉರಿಯಿತು. ಎರಡನೆಯ ಮಳೆಗಾಲದ ನಡುವೆ ಒಳಗಿನ ತಗಡು ಬಿಸಿಗೆ ಪದರು ಪದರಾಗಿ ಎದ್ದು, ಬಚ್ಚಲ ತೇವಕ್ಕೆ ತುಕ್ಕು ಹಿಡಿದು, ಹೆಬ್ಬೆರಳು ತೂರುವಷ್ಟು ತೂತು ಬಿತ್ತು. ಬದಲಿ ಒಳತಗಡು ಸಿಗುತ್ತದೆಯೇ ಎಂದು ಕೇಳಿದಾಗ ಅಂಗಡಿಯಲ್ಲಿ ದೊರೆತ ಉತ್ತರ, ಹೊಸ ಒಲೆ ಕೊಳ್ಳಿ ಎಂಬುದು. ಬೆಂಕಿ ತಗಲುವ ಭಾಗ ಎರಕದ ಕಬ್ಬಿಣದ್ದೋ, ಬೆಂಕಿ ಇಟ್ಟಿಗೆಯದ್ದೋ, ಬರಿಯ ತಗಡಿನದ್ದೋ, ಅದನ್ನು ಮಾತ್ರ ಬಿಚ್ಚಿ ಬದಲಿಸಬಹುದೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕಿತ್ತು.

ಕೊಂಡೊಯ್ಯಬಹುದಾದ ಅಡುಗೆ ಒಲೆಗಳಿಗಾದರೆ ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಎಂಬ ಮಾನದಂಡವಿದೆ. 2013ರಲ್ಲಿ ಪರಿಷ್ಕೃತವಾದ ಅದರ ಪ್ರಕಾರ, ಫ್ಯಾನ್ ಇಲ್ಲದೆ ತಾನಾಗಿ ಗಾಳಿ ಎಳೆಯುವ ಒಲೆಯ ದಕ್ಷತೆ ಕನಿಷ್ಠ ನೂರಕ್ಕೆ 25 ಇರಬೇಕು, ಪಾತ್ರೆಗೆ ತಲುಪಿದ ಪ್ರತಿ ಮೆಗಾಜೌಲ್ ಶಾಖಕ್ಕೆ ಹೊರಬೀಳುವ ಕಣಗಳು 350 ಮಿಲಿಗ್ರಾಂ ಮೀರಬಾರದು; ಚಿಕ್ಕ ಫ್ಯಾನ್ ಅಳವಡಿಸಿದ ಒಲೆಗೆ ಇವು ಕ್ರಮವಾಗಿ 35 ಮತ್ತು 150; ಕಾರ್ಬನ್ ಮಾನಾಕ್ಸೈಡಿಗೆ ಎರಡರಲ್ಲೂ 5 ಗ್ರಾಂ ಮಿತಿ. ಆದರೆ ಈ ಅಂಕಿಗಳು ಒಣ ಕಟ್ಟಿಗೆ ಬಳಸಿ ಪರೀಕ್ಷಾಲಯದಲ್ಲಿ ಅಳೆದವು ಎಂಬುದನ್ನು ಮರೆಯಬಾರದು. ಸ್ಥಳದಲ್ಲೇ ಕಟ್ಟುವ ಹಂಡೆ ಒಲೆ ಈ ಮಾನದಂಡದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅದರ ಗುಣವನ್ನು ಕಟ್ಟುವವರ ಕೈಯೇ ನಿರ್ಧರಿಸುತ್ತದೆ.

ಚಿಮಣಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಹೊರಗೆ ಸಾಗಿಸುತ್ತದೆ ಅಷ್ಟೆ. ಕೆಟ್ಟ ಒಲೆಗೆ ಚಿಮಣಿ ಇಟ್ಟರೆ ಪಕ್ಕದ ಮನೆಗೆ ಹೊಗೆ ಹಂಚಿದಂತಾಗುತ್ತದೆ. ಆದರೂ ಬಚ್ಚಲುಮನೆಯಂಥ ಇಕ್ಕಟ್ಟಿನ ಕೋಣೆಯಲ್ಲಿ ಅದು ಪ್ರಾಣದ ಪ್ರಶ್ನೆ. ಹೊಗೆ ನಿಂತು ಕೆಂಡವಷ್ಟೇ ಉಳಿದಾಗ ಅಪಾಯ ಕಳೆಯಿತೆಂದು ತಿಳಿಯುವುದು ರೂಢಿಯಾದರೂ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಆ ಹಂತದಲ್ಲಿಯೇ ಧಾರಾಳವಾಗಿ ಹೊರಬರುತ್ತದೆ. ಬಾಗಿಲು ಕಿಟಕಿ ಮುಚ್ಚಿಕೊಂಡು ಮೀಯುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಹೊಸದಾಗಿ ಬಚ್ಚಲು ಕಟ್ಟಿಸುವವರು ಒಲೆಬಾಯಿಯನ್ನು ಗೋಡೆಯ ಹೊರಮಗ್ಗುಲಿಗೆ ತೆರೆಸುವುದು ಎಲ್ಲಕ್ಕಿಂತ ಅಗ್ಗದ ಸುರಕ್ಷತೆ. ಕೊಳವೆಯಲ್ಲಿ ತಿರುವು ಕಡಿಮೆ ಇರಬೇಕು, ತುದಿ ಮಾಡಿಗಿಂತ ಎತ್ತರಕ್ಕೆ ಹೋಗಿ ಮಳೆಟೋಪಿ ಹೊಂದಿರಬೇಕು, ಜಂತಿ ರೀಪುಗಳಿಗೆ ತಗಲದಂತೆ ಅಂತರವಿರಬೇಕು, ಮತ್ತು ತಿಂಗಳಿಗೊಮ್ಮೆ ಮಸಿ ತೆಗೆಯಲು ಕೆಳಗೊಂದು ಮುಚ್ಚಳ ಇರಲೇಬೇಕು.

ಸೌರ ಬಿಸಿನೀರಿನ ವ್ಯವಸ್ಥೆ ಈಗಾಗಲೇ ಇರುವ ಮನೆಗಳಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಹಂಡೆ ಒಲೆ ಉರಿಯುವುದು ಸೂರ್ಯ ಕಾಣದ ನಾಲ್ಕು ತಿಂಗಳು ಮಾತ್ರ. ಉಳಿಯುವ ಕಟ್ಟಿಗೆ ಮೂರು ಕ್ವಿಂಟಲ್, ಹಣ 1,800 ರೂಪಾಯಿ, 9,000 ರೂಪಾಯಿಯ ಒಲೆ ತನ್ನ ಬೆಲೆ ತೀರಿಸಲು ಐದು ವರ್ಷ. ಅಂಥವರು ಹಳೆಯ ಒಲೆಗೆ ಜಾಲರಿ ಮತ್ತು ಚಿಮಣಿ ಹಾಕಿಸಿ, ಉಳಿದ ಹಣವನ್ನು ಕಟ್ಟಿಗೆ ಮನೆಗೆ ವಿನಿಯೋಗಿಸುವುದೇ ಸರಿ.

ಅಂಕಣಕಾರರ ಮನೆಯಲ್ಲಿ ತಗಡಿನ ಒಲೆ ಹೋದ ಮೇಲೆ ಬಂದದ್ದು ಬೆಂಕಿ ಇಟ್ಟಿಗೆಯ ಒಡಲು, ಬದಲಿಸಬಹುದಾದ ಎರಕದ ಜಾಲರಿ ಮತ್ತು ಹೊರಗೆ ತೆರೆದ ಬಾಯಿ ಇರುವ ಹಂಡೆ ಒಲೆ. ಒಣ ಕಟ್ಟಿಗೆಯಲ್ಲಿ ಅದರ ಖರ್ಚು ತಕ್ಕಡಿಯಲ್ಲಿ ದಿನಕ್ಕೆ ಎರಡೂವರೆ ಕಿಲೋ ಆಸುಪಾಸಿನಲ್ಲಿದ್ದು, ಕಾಗದದ ಮೇಲಿನ ಎರಡು ಕಿಲೋಗೆ ಇನ್ನೂ ಇಳಿದಿಲ್ಲ. ಅದರ ಬಾಯಿ ಒಂದು ಗೇಣಿಗಿಂತ ಚಿಕ್ಕದು. ಹಳೆಯ ಒಲೆಗೆ ಇಡೀ ಕುಂಟೆಯನ್ನೇ ನೂಕಿ, ಉರಿದಷ್ಟು ಒಳಗೆ ತಳ್ಳುತ್ತ ಹೋಗಬಹುದಾಗಿದ್ದರೆ, ಇದಕ್ಕೆ ಮಣಿಕಟ್ಟಿನ ದಪ್ಪಕ್ಕೆ ಸೀಳಿದ ಕಟ್ಟಿಗೆಯೇ ಬೇಕು. ಸೀಳುವ ಕೆಲಸ ಬೆಳಗಾಗೆದ್ದು ನೀರು ಕಾಯಿಸುವವರ ತಲೆಗೆ ಬೀಳಬಾರದೆಂಬ ಕಾರಣಕ್ಕೆ, ಪ್ರತಿವರ್ಷ ಹೋಳಿ ಹುಣ್ಣಿಮೆ ಕಳೆದ ವಾರ ಎರಡು ದಿನ ಕೊಡಲಿ ಹಿಡಿದು ಬರುವ ಆಳಿನ ಕೂಲಿಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಒಲೆಯ ಖರ್ಚಿನ ಸಾಲಿನಲ್ಲಿಯೇ ಬರೆಯಲಾಗುತ್ತಿದೆ.