ತೊದಲ್ನುಡಿಯಲ್ಲಿ ಹರಿನಾಮ

ಶ್ರೀಮದ್ಭಾಗವತದ ಸಪ್ತಮ ಸ್ಕಂಧದಲ್ಲಿ ಪ್ರಹ್ಲಾದನು ತನ್ನ ಸಹಪಾಠಿಗಳಾದ ದೈತ್ಯಬಾಲಕರಿಗೆ, ಭಾಗವತಧರ್ಮವನ್ನು ಬಾಲ್ಯದಿಂದಲೇ ಆಚರಿಸಬೇಕೆಂದು ಬೋಧಿಸುತ್ತಾನೆ. ಆತನಾದರೋ ತಾಯಿಯ ಗರ್ಭದಲ್ಲಿರುವಾಗಲೇ ನಾರದರ ಉಪದೇಶವನ್ನು ಕೇಳಿದವನು. ನವವಿಧ ಭಕ್ತಿಯನ್ನು ಹೇಳುವಾಗ ಆತನು ಶ್ರವಣವನ್ನು ಮೊದಲು, ಕೀರ್ತನವನ್ನು ಅನಂತರ ಇಟ್ಟಿರುವ ಕ್ರಮವು ಕೂಸುಗಳ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ. ಶಿಶುವು ಗರ್ಭವಾಸದ ಕೊನೆಯ ತಿಂಗಳುಗಳಲ್ಲಿಯೇ ತಾಯಿಯ ಧ್ವನಿಯನ್ನು ಕೇಳುತ್ತದೆ, ಹುಟ್ಟಿದ ಬಳಿಕ ಅದನ್ನು ಗುರುತಿಸುತ್ತದೆ ಎಂದು ಆಧುನಿಕ ವಿಜ್ಞಾನವೂ ಕಂಡುಕೊಂಡಿದೆ.

ನಮ್ಮ ಸೀಮೆಗೆ ಈ ವಿಷಯವು ಹೊಸದಲ್ಲ. ಕಾಗಿಣಾ ತೀರದ ಮಳಖೇಡದಲ್ಲಿ ಆಷಾಢ ಬಹುಳ ಪಂಚಮಿಯಂದು ಶ್ರೀ ಜಯತೀರ್ಥರ ಆರಾಧನೆಗೆ ಸೇರುವ ನಾವು, ಅದೇ ಊರು ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತೆಂಬುದನ್ನೂ ನೆನೆಯಬೇಕು. ಆ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡ ಜನರು ಓದದೆಯೇ ಕಾವ್ಯದಲ್ಲಿ ನಿಪುಣರೆಂದು ಹೊಗಳಿ, ಚಿಕ್ಕ ಮಕ್ಕಳನ್ನೂ ಆ ಪ್ರಶಂಸೆಯಲ್ಲಿ ಸೇರಿಸಿಕೊಂಡಿದೆ. ಓದದೆ ಕಲಿಯುವುದೆಂದರೆ ಕಿವಿಯಿಂದ ಕಲಿಯುವುದಲ್ಲವೇ?

ಆದರೆ ಇಂದು ಚಿಂತಿಸಬೇಕಾದ ಸಂಗತಿಯೊಂದಿದೆ. ದಾಸರ ಪದಗಳ ಸಾಹಿತ್ಯವು ಪುಸ್ತಕಗಳಲ್ಲಿ ಉಳಿದಿದೆ. ಮನೆಮನೆಯ ಧಾಟಿಯು ಮಾತ್ರ ಅಜ್ಜಿಯರ ಕಂಠದಲ್ಲಿದೆ. ವಾಡಿ, ಶಹಾಬಾದಗಳಿಗೆ ರೈಲ್ವೆಯ ಮತ್ತು ಕಾರ್ಖಾನೆಯ ನೌಕರಿಗಾಗಿ ಬಂದು ನೆಲೆಸಿದ ಮನೆಗಳಲ್ಲಿ ತಂದೆತಾಯಿಗಳಿದ್ದಾರೆ, ಅಜ್ಜಿಯು ಊರಿನಲ್ಲಿಯೇ ಉಳಿದಿದ್ದಾಳೆ. ಅವಳ ಸ್ಥಾನದಲ್ಲಿ ಮೊಬೈಲು ಹಾಡುತ್ತದೆ. ಆದರೆ ಮೊಬೈಲು ಕೂಸಿನ ಮುಖವನ್ನು ನೋಡಿ ನಿಲ್ಲುವುದಿಲ್ಲ, ಅದು ತಡವರಿಸಿದಾಗ ಕಾಯುವುದಿಲ್ಲ. ಕೂಸು ಹಾಡಲು ಕಲಿಯುವುದು ಕಾಯುವವರ ಬಳಿಯಲ್ಲಿ.

ಹೀಗೆ ಹಾಡಿಸುವುದಕ್ಕೆ ಒಂದು ಕ್ರಮವಿದೆ. ಒಂದು ವರ್ಷದ ಕೂಸು ಕೇಳಲಿ, ಚಪ್ಪಾಳೆ ತಟ್ಟಲಿ, ಅಷ್ಟೇ ಸಾಕು. ಮಾತು ಬರತೊಡಗಿದ ಮೇಲೆ, ಪರಿಚಿತವಾದ ಪದವನ್ನು ನಿಧಾನವಾಗಿ ಹಾಡಿ, ಸಾಲಿನ ಕೊನೆಯ ಶಬ್ದವನ್ನು ನಾವು ಬಿಟ್ಟು ಸುಮ್ಮನಾಗಬೇಕು. ಕೂಸು ಅದನ್ನು ತುಂಬುತ್ತದೆ. ಎರಡು ವರ್ಷದ ಮೇಲೆ ಪಲ್ಲವಿಯನ್ನು ಹಿಡಿಸಬಹುದು. ಶ್ರೀ ವಾದಿರಾಜರ ಲಕ್ಷ್ಮೀಶೋಭಾನೆಯಲ್ಲಿ ಪ್ರತಿ ನುಡಿಯ ಕೊನೆಗೆ 'ಶೋಭಾನೆ' ಎಂಬ ಒಂದೇ ಮಾತು ಮರಳಿ ಬರುತ್ತದೆ. ನುಡಿಯು ತಾಯಿಯದು, ಆ ಒಂದು ಮಾತು ಕೂಸಿನದು. ಸಣ್ಣ ಗಂಟಲಿಗೆ ಹಿರಿಯರ ಮಂದ್ರಸ್ವರವು ಎಟುಕದಾದ್ದರಿಂದ ಶ್ರುತಿಯನ್ನು ಸ್ವಲ್ಪ ಏರಿಸಿಕೊಳ್ಳಬೇಕು. ಕರ್ನಾಟಕ ಸಂಗೀತದಲ್ಲಿ ಇಂದಿಗೂ ಪ್ರಾರಂಭಿಕರಿಗೆ ಕಲಿಸುವ ಮಾಯಾಮಾಳವಗೌಳದ ಸರಳೆ ಮತ್ತು ಮಲಹರಿಯ ಪಿಳ್ಳಾರಿ ಗೀತೆಗಳನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಪರಂಪರೆ. ಸುಲಭವಾದುದನ್ನು ಮೊದಲು, ಪುನಃ ಪುನಃ ಕೊಡುವುದೇ ಅಲ್ಲಿಯ ನೀತಿ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ಮನೆಯ ಎರಡು ವರ್ಷದ ಕೂಸು ಏಕಾದಶಿಯ ಭಜನೆಯಲ್ಲಿ ಎಲ್ಲರೊಡನೆ ಧ್ವನಿ ಸೇರಿಸಿ 'ಕಿಟ್ಟ, ಕಿಟ್ಟ' ಎಂದು ಹಾಡಿತು. ನೆರೆದವರು ನಕ್ಕರು. ನಾವು ಮೂರು ಸಲ 'ಕೃಷ್ಣ ಅನ್ನು' ಎಂದು ತಿದ್ದಿದೆವು. ಕೂಸು ಬಾಯಿ ಮುಚ್ಚಿತು. ಮುಂದಿನ ಎರಡು ಏಕಾದಶಿಗಳಲ್ಲಿಯೂ ತೆರೆಯಲಿಲ್ಲ. ಕಡೆಗೆ ಅದರ ಅಜ್ಜಿಯು ಒಂದು ಸಂಜೆ ಹೂಬತ್ತಿ ಹೊಸೆಯುತ್ತ, ಕೂಸಿನ ಕಡೆಗೆ ನೋಡದೆಯೇ, ತನ್ನಷ್ಟಕ್ಕೆ ತಾನು ಹಾಡುತ್ತ ಕೊನೆಯ ಶಬ್ದವನ್ನು ಬಿಟ್ಟರು. ಬಾಗಿಲ ಬಳಿಯಿಂದ 'ಕಿಟ್ಟ' ಎಂಬ ಸ್ವರ ಕೇಳಿತು. ಅಜ್ಜಿ ತಿದ್ದಲಿಲ್ಲ, ಮುಂದಿನ ಸಾಲನ್ನು ಹಾಡಿದರು. ಒತ್ತಕ್ಷರವು ನಾಲಗೆಗೆ ತಾನಾಗಿ ಬರುತ್ತದೆ. ಮುದುಡಿದ ಮನಸ್ಸನ್ನು ಅರಳಿಸುವುದು ಕಷ್ಟವೆಂಬುದನ್ನು ಅಂದು ನಾವು ಕಲಿತೆವು.

ಆದುದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸದ್ಗೃಹಸ್ಥರಲ್ಲಿಯೂ ಮಾತೆಯರಲ್ಲಿಯೂ ನಮ್ಮ ವಿನಂತಿಯಿಷ್ಟೆ: ಸಂಜೆ ದೇವರಿಗೆ ದೀಪ ಹಚ್ಚಿದಾಗ ಒಂದು ಪದವನ್ನು, ಒಂದು ತಿಂಗಳು ಅದೇ ಪದವನ್ನು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಾಡಿರಿ. ಸ್ವರ ತಪ್ಪೀತೆಂದು ಸಂಕೋಚ ಬೇಡ; ಕೂಸಿಗೆ ಬೇಕಾದದ್ದು ನಿಮ್ಮ ಧ್ವನಿ. ಭಜನೆಯಲ್ಲಿ ಕೂಸುಗಳನ್ನು ಹಿಂದೆ ಕಳುಹಿಸದೆ ಮುಂದಿನ ಸಾಲಿನಲ್ಲಿ ಕೂಡಿಸಿರಿ. ಊರಿನಲ್ಲಿರುವ ಅಜ್ಜಿಯ ಧಾಟಿಯನ್ನು ಮೊದಲು ನೀವು ಕಲಿತುಕೊಳ್ಳಿರಿ. ತೊದಲು ನುಡಿಯೂ ಶ್ರೀಹರಿಗೆ ಪ್ರಿಯವೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.